ಕಂಬದ ಮರೆಯ ಧಾರೆ

"ಗುರುಗಳೇ, ಒಳ್ಳೆಯ ಗುರುವನ್ನು ಗುರುತಿಸುವುದು ಹೇಗೆ?"

ಕೇಳಿದವನು ಶಿಷ್ಯ ವಿರೂಪಾಕ್ಷ. ಆರು ವರ್ಷದ ಹಿಂದೆ ಮನೆ ಬಿಟ್ಟು ಆ ಸಣ್ಣ ಆಶ್ರಮಕ್ಕೆ ಬಂದವನು ಒಮ್ಮೆಯೂ ಊರಿಗೆ ಹೋಗಿರಲಿಲ್ಲ. ಈಚೆಗೆ ಅವನ ಮನಸ್ಸು ಹೊಳೆಯಾಚೆಯ ದೊಡ್ಡ ಆಶ್ರಮದ ಕಡೆ ಎಳೆಯುತ್ತಿತ್ತು. ಅಲ್ಲಿ ಸಾವಿರ ಜನ ಕೂರುವ ಸಭಾಂಗಣವಿತ್ತು. ಗುರುಗಳಿಗೆ ಇದು ಗೊತ್ತಿತ್ತು. ಇನ್ನೊಂದು ಸಂಗತಿಯೂ ಗೊತ್ತಿತ್ತು. ಹಿಂದಿನ ದಿನ ಅವನ ತಾಯಿಯ ಕಾಗದ ಬಂದಿತ್ತು. ತಂಗಿಗೆ ಮದುವೆ ಗೊತ್ತಾಗಿದೆ, ಫೋಟೋ ತೆಗೆಯುವವರಲ್ಲಿ ಯಾರನ್ನು ಒಪ್ಪುವುದೋ ತಿಳಿಯುತ್ತಿಲ್ಲ, ನೀನಾದರೂ ನಾಲ್ಕು ದಿನ ಬಂದು ನೋಡಪ್ಪ ಎಂದು ಬರೆಸಿದ್ದಳು. ವಿರೂಪಾಕ್ಷ ಅದನ್ನು ಓದಿ, ಸಂಸಾರದ ಈ ಗೋಜು ನನಗೇಕೆ ಎಂದು ಅಡುಗೆಯವನ ಮುಂದೆ ನಕ್ಕಿದ್ದ.

ಗುರುಗಳು ನೆನೆಸಿದ ಅವರೆಕಾಳನ್ನು ಹಿಸುಕುತ್ತ ಕೂತಿದ್ದರು. "ಗುರುವಿನ ಮಾತು ಆಮೇಲಾಗಲಿ. ಮದುವೆಗೆ ಫೋಟೋ ತೆಗೆಯುವವನನ್ನು ಗುರುತಿಸುವುದು ಹೇಗೆಂದು ಮೊದಲು ಕೇಳು. ಬಾ, ನೀನೂ ಒಂದು ಹಿಡಿ ಕಾಳು ತೆಗೆದುಕೋ. ಕೈಕಟ್ಟಿ ಕೂತವರ ತಲೆಗೆ ಕತೆ ಇಳಿಯುವುದಿಲ್ಲ" ಎಂದು ಹೇಳತೊಡಗಿದರು.

ಒಂದು ಊರಿನ ಪೇಟೆಬೀದಿಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು, ಹೆಸರು ಇಂದುಮತಿ. ಮಗು ನಡೆಯಲು ಕಲಿಯುವ ಮೊದಲೇ ತಾಯಿ ತೀರಿಕೊಂಡಳು. ಎರಡನೆಯ ಮದುವೆ ಮಾಡಿಕೋ ಎಂದು ಊರವರೆಲ್ಲ ಹೇಳಿದರು. ಅವನು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮಗಳ ತಲೆ ಬಾಚುವುದನ್ನು ತಾನೇ ಕಲಿತ.

ಹೋದವಳ ಗುರುತೆಂದು ಮನೆಯಲ್ಲಿ ಉಳಿದದ್ದು ಮದುವೆಯ ದಿನದ ಮೂರು ಫೋಟೋ. ಆ ಕಾಲದಲ್ಲಿ ಮದುಮಗಳು ತಲೆ ಎತ್ತಿದರೆ ಹಿರಿಯರು ಗದರುತ್ತಿದ್ದರು. ಮೂರರಲ್ಲೂ ಅವಳು ತಲೆ ತಗ್ಗಿಸಿದ್ದಳು. ಹಣೆಗೆ ಕಟ್ಟಿದ ಬಾಸಿಂಗ, ಅದರ ಕೆಳಗೆ ಮೂಗುತಿಯ ಚೂರು, ಅಷ್ಟೇ ಕಾಣುತ್ತಿತ್ತು. ಫೋಟೋದವನು ಬಂದ, ನಿಲ್ಲಿಸಿದ, ತೆಗೆದ, ಊಟ ಮಾಡಿ ಹೋದ. ಈ ಹೆಣ್ಣಿಗೆ ಒಂದು ಮುಖವಿದೆ ಎಂಬುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಇಂದುಮತಿ ಚಿಕ್ಕವಳಿದ್ದಾಗ ಆ ಫೋಟೋಗಳಲ್ಲಿ ಒಂದನ್ನು ಗೋಡೆಯಿಂದ ಇಳಿಸಿಕೊಂಡು, ನೆಲದ ಮೇಲೆ ಅಂಗಾತ ಮಲಗಿ, ಎರಡು ಕೈಯಲ್ಲಿ ಮೇಲೆ ಹಿಡಿದು ನೋಡುತ್ತಿದ್ದಳು. ಏನು ಮಾಡುತ್ತಿದ್ದೀಯೆ ಎಂದು ತಂದೆ ಕೇಳಿದರೆ, ಕೆಳಗಿನಿಂದ ನೋಡಿದರೆ ಅಮ್ಮನ ಮುಖ ಕಾಣಬಹುದು ಎನ್ನುತ್ತಿದ್ದಳು. ಅವನು ಫೋಟೋವನ್ನು ಒರೆಸಿ ಮತ್ತೆ ಗೋಡೆಗೆ ತೂಗುಹಾಕುತ್ತಿದ್ದ.

ಮಗಳು ದೊಡ್ಡವಳಾದಳು, ಗಂಡು ಗೊತ್ತಾಯಿತು. ಸೀರೆ ಯಾವುದು, ಒಡವೆ ಯಾವುದು ಎಂದು ತಂದೆ ಕೇಳಿದ. ಅವಳು ಕೇಳಿದ್ದು ಒಂದೇ.

"ಅಪ್ಪಾ, ಮುಖ ಕಾಣುವ ಹಾಗೆ ಫೋಟೋ ತೆಗೆಯುವವರನ್ನು ಹುಡುಕಿ. ನಾಳೆ ನನ್ನ ಮಕ್ಕಳು ನೆಲದ ಮೇಲೆ ಮಲಗಿಕೊಂಡು ನನ್ನನ್ನು ನೋಡುವುದು ಬೇಡ."

ವ್ಯಾಪಾರಿ ಅಂಗಡಿಯನ್ನು ಆಳಿಗೆ ಬಿಟ್ಟು ಹುಡುಕಲು ಹೊರಟ. ಜೊತೆಗೆ ಭಾವಮೈದ, ಎಂದರೆ ತೀರಿಹೋದ ಹೆಂಡತಿಯ ತಮ್ಮ. ಒಳ್ಳೆಯವನೇ, ಆದರೆ ಮಾತಿಗೆ ಮುಂದು. ಅವನು ಭಾವನನ್ನು ನೆಟ್ಟಗೆ ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಸ್ಟುಡಿಯೋಗೆ ಕರೆದುಕೊಂಡು ಹೋದ. ಅಲ್ಲಿ ಕುಡಿಯಲು ಬಾದಾಮಿ ಹಾಲು ಕೊಟ್ಟರು. ತೊಡೆಯ ಮೇಲೆ ಒರಳುಕಲ್ಲಿನಷ್ಟು ಭಾರದ ಆಲ್ಬಂ ಇಟ್ಟರು. ಹಾಳೆ ತಿರುವಿದರೆ ಒಬ್ಬೊಬ್ಬ ಮದುಮಗಳೂ ಥಳಥಳ. ವ್ಯಾಪಾರಿ ಬೆರಗಾಗಿ ನೋಡುತ್ತ ಹೋದ. ಒಂದು ಹಾಳೆಯಲ್ಲಿ ಅವನ ಕೈ ನಿಂತಿತು. ಆ ಹುಡುಗಿ ಅವನ ಅಂಗಡಿಯ ಪಕ್ಕದ ಎಣ್ಣೆ ಅಂಗಡಿಯವರ ಮಗಳು. ಹುಟ್ಟುವಾಗಲೇ ಗಲ್ಲದ ಮೇಲೆ ಉದ್ದಿನಕಾಳಿನಷ್ಟು ಮಚ್ಚೆ ಇದ್ದವಳು. ಫೋಟೋದಲ್ಲಿ ಮಚ್ಚೆ ಇರಲಿಲ್ಲ. ಎಲ್ಲಿ ಹೋಯಿತೆಂದು ಕೇಳಿದರೆ, ಅದನ್ನೆಲ್ಲ ನಾವೇ ತೆಗೆದುಬಿಡುತ್ತೇವೆ ಎಂದು ಸ್ಟುಡಿಯೋದವನು ಹೆಮ್ಮೆಯಿಂದ ಹೇಳಿದ. ವ್ಯಾಪಾರಿ ಬಾದಾಮಿ ಹಾಲಿನ ಲೋಟವನ್ನು ಹಾಗೇ ಕೆಳಗಿಟ್ಟ. ಭಾವಮೈದ ಮಾತ್ರ ಎರಡು ಲೋಟ ಕುಡಿದ.

ಇನ್ನೊಂದು ಕಡೆ ಹೋದರು. ಅವನು ಡ್ರೋನ್ ಹಾರಿಸಿ ಛತ್ರದ ಹೆಂಚನ್ನೂ ಬಿಡದೆ ತೆಗೆಯುವವನು. ತಾಳಿ ಕಟ್ಟಿದ್ದು ಸರಿಯಾಗಿ ಬರದಿದ್ದರೆ ಇನ್ನೊಂದು ಸಲ ಕಟ್ಟಿಸುತ್ತೇನೆ ಎಂದ. ಕೈಮುಗಿದು ಎದ್ದು ಬಂದರು.

ಮೂರನೆಯವನು ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಇದ್ದ. ಒಂದು ಕೋಣೆ, ಎರಡು ಕುರ್ಚಿ. ಬಟ್ಟೆಯ ಮೇಲೆಲ್ಲ ತೆಳುವಾಗಿ ಹಿಟ್ಟು ಕೂತ ಮನುಷ್ಯ. ಆಲ್ಬಂ ತೋರಿಸಪ್ಪ ಎಂದರೆ ಅವನು ತಲೆ ಅಲ್ಲಾಡಿಸಿದ.

"ನನ್ನ ಹತ್ತಿರ ಒಂದೂ ಇಲ್ಲ. ಮಾಡಿದ್ದನ್ನೆಲ್ಲ ಆಯಾ ಮನೆಗೆ ಕೊಟ್ಟಿದ್ದೇನೆ. ಹೆಸರು ಹೇಳುತ್ತೇನೆ, ಹೋಗಿ ನೋಡಿ."

ಮೆಟ್ಟಿಲು ಇಳಿಯುವಾಗ ಭಾವಮೈದನ ಸಿಟ್ಟು ನೆತ್ತಿಗೇರಿತ್ತು. ಊರಿಗೆಲ್ಲ ಒಂದು ದಾರಿಯಾದರೆ ಈ ಎಡವಟ್ಟನಿಗೊಂದು ದಾರಿ, ತೋರಿಸಲು ಒಂದು ಚಿತ್ರವಿಲ್ಲದವನು ಎಂಥ ಫೋಟೋದವನು ಎಂದು ಬೀದಿಯುದ್ದಕ್ಕೂ ಬೈದ. ವ್ಯಾಪಾರಿಗೂ ಅದು ಸರಿಯೆನಿಸಿತು. ನಾಳೆ ಗಾಜಿನ ಬಾಗಿಲಿನವನಿಗೇ ವೀಳ್ಯ ಕೊಟ್ಟು ಗೊತ್ತುಮಾಡಿಬಿಡೋಣ ಎಂದುಕೊಂಡು ಅಂಗಡಿಗೆ ಬಂದ.

ಅಂಗಡಿಯಲ್ಲಿ ಒಬ್ಬ ಹೆಂಗಸು ಹಳೆಯ ಪಾತ್ರೆ ಕೊಟ್ಟು ಹೊಸದು ಒಯ್ಯಲು ಬಂದಿದ್ದಳು. ವ್ಯಾಪಾರಿ ರೂಢಿಯಂತೆ ಆ ಹಿತ್ತಾಳೆ ಪಾತ್ರೆಯನ್ನು ಬೋರಲು ಹಾಕಿ ತಳ ನೋಡಿದ. ಇಪ್ಪತ್ತು ವರ್ಷ ಒಲೆಯ ಮೇಲೆ ಕೂತು ತಳ ಕರಿಕಟ್ಟಿತ್ತು. ಹುಣಿಸೆಹುಳಿ ಹಾಕಿ ಉಜ್ಜಿ ಉಜ್ಜಿ ಅಂಚು ನುಣ್ಣಗಾಗಿತ್ತು. ಎಲ್ಲೂ ಬಿರುಕಿಲ್ಲ. ಇದನ್ನು ಮಾಡಿದ ಕೈ ಗಟ್ಟಿ ಕೈ ಎಂದುಕೊಂಡ. ಅಂಗಡಿಯಲ್ಲಿ ಸಾಲಾಗಿ ಇಟ್ಟಾಗ ಎಲ್ಲ ಪಾತ್ರೆಯೂ ಹೊಳೆಯುತ್ತದೆ. ಪಾತ್ರೆಯ ಯೋಗ್ಯತೆ ಅದು ಮನೆಯಿಂದ ತಿರುಗಿ ಬಂದಾಗ ತಿಳಿಯುತ್ತದೆ. ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಅವನೇ ಹೇಳುತ್ತಿದ್ದ ಮಾತು ಇದು. ಅಯ್ಯೋ ನನ್ನ ಬುದ್ಧಿಯೇ ಎಂದು ಹಣೆ ಚಚ್ಚಿಕೊಂಡ.

ಮರುದಿನ ಒಬ್ಬನೇ ಹೊರಟ. ಮೊದಲು ಎಣ್ಣೆ ಅಂಗಡಿಯವರ ಮನೆಗೆ ಹೋಗಿ, ಮಗಳ ಮದುವೆಯ ಆಲ್ಬಂ ನೋಡಬೇಕೆಂದ. ಮನೆಯಾಕೆ ಬೀರುವಿನ ಬೀಗದಕೈ ಹುಡುಕಿದಳು. ಹುಡುಕಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಹಿಡಿಯಿತು. ಪ್ಲಾಸ್ಟಿಕ್ಕಿನೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮಕಮಲ್ಲು, ಮಕಮಲ್ಲಿನೊಳಗೆ ಆಲ್ಬಂ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಯಾವಾಗ ತೆಗೆದಿದ್ದಿರಿ ಎಂದು ಕೇಳಿದ. ತಂದ ದಿನ ನೋಡಿದ್ದು, ಹಾಳಾಗಿಬಿಡುತ್ತದೆ ಎಂದು ಇಟ್ಟುಬಿಟ್ಟೆವು ಎಂದಳು.

ಆಮೇಲೆ ಗಿರಣಿಯ ಮಹಡಿಯವನು ಹೇಳಿದ ಒಂದು ಮನೆಗೆ ಹೋದ. ಅಲ್ಲಿ ಆಲ್ಬಂ ಕೇಳಿದ ಕೂಡಲೇ ನಾಲ್ಕು ವರ್ಷದ ಒಂದು ಮಗು ಓಡಿಹೋಗಿ ಹೊತ್ತು ತಂದಿತು. ಹೊದಿಕೆ ಕಿತ್ತುಬಂದಿತ್ತು. ಮೂಲೆಗಳು ಮುದುರಿಹೋಗಿದ್ದವು. ಒಂದು ಹಾಳೆಯ ಮೇಲೆ ಅರಿಸಿನದ ಬೆರಳಿನ ಗುರುತು, ಇನ್ನೊಂದರ ಮೇಲೆ ಸಾರಿನದು. ಹಳೆಯ ಪದ್ಧತಿಯಂತೆ ಫೋಟೋಗಳನ್ನು ಮೂಲೆ ಸಿಕ್ಕಿಸಿ ಕೂರಿಸಿದ್ದರು. ನಡುನಡುವೆ ಜಾಗಗಳು ಖಾಲಿ ಇದ್ದವು. ಈ ಖಾಲಿ ಜಾಗ ಏಕೆ ಎಂದು ವ್ಯಾಪಾರಿ ಕೇಳಿದ. ಮನೆಯ ಸೊಸೆ ನಕ್ಕಳು. ಒಂದನ್ನು ಚಿಕ್ಕಮ್ಮ ಹಟಮಾಡಿ ಒಯ್ದರು, ಒಂದು ಅಣ್ಣನ ಮನೆಯಲ್ಲಿದೆ, ಇದೊಂದರಲ್ಲಿ ನಮ್ಮತ್ತೆ ಬಾಯಿತುಂಬ ನಗುತ್ತಿದ್ದರು, ಅವರು ನಕ್ಕದ್ದನ್ನು ನಾವು ಮನೆಯಲ್ಲಿ ಕಂಡೇ ಇರಲಿಲ್ಲ, ಮಾವನವರು ಅದನ್ನು ತೆಗೆದು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ ಎಂದಳು. ಮಗು ಅಷ್ಟರಲ್ಲಿ ಫೋಟೋದೊಳಗಿನ ಒಬ್ಬೊಬ್ಬರನ್ನೂ ಬೆರಳಿಟ್ಟು ಹೆಸರು ಹೇಳಿತು. ಅವರಲ್ಲಿ ಇಬ್ಬರು ಅದು ಹುಟ್ಟುವ ಮೊದಲೇ ತೀರಿಕೊಂಡಿದ್ದವರು.

ವ್ಯಾಪಾರಿ ಅಲ್ಲಿಂದ ನೇರ ಗಿರಣಿಯ ಮೆಟ್ಟಿಲು ಹತ್ತಿದ. ವೀಳ್ಯ ಕೊಟ್ಟು ಒಂದೇ ಒಂದು ಷರತ್ತು ಹಾಕಿದ. ನಾನು ಹೆಂಡತಿ ಇಲ್ಲದವನು, ಶುಭಕಾರ್ಯದ ಚಿತ್ರದಲ್ಲಿ ನಾನು ಬರಕೂಡದು, ಮಗಳ ಮುಖ ಬಂದರೆ ಸಾಕು ಎಂದ. ಫೋಟೋದವನು ಮದುವೆಯ ದಿನವನ್ನಷ್ಟೇ ಬರೆದುಕೊಂಡ.

ನೋಡಪ್ಪ, ಆ ಜನರಲ್ಲಿ ಧಾರೆ ಎರೆಯಲು ಗಂಡ ಹೆಂಡತಿ ಇಬ್ಬರೂ ಇರಬೇಕು. ಜೋಡಿ ಇಲ್ಲದ ತಂದೆ ಮಗಳನ್ನು ಧಾರೆ ಎರೆಯುವಂತಿಲ್ಲ. ಆ ದಿನ ವ್ಯಾಪಾರಿಯ ತಮ್ಮನೂ ಅವನ ಹೆಂಡತಿಯೂ ಆ ಜಾಗದಲ್ಲಿ ನಿಂತರು. ತನ್ನ ಮದುವೆಯಲ್ಲಿ ಧಾರೆಗೆ ಬಳಸಿದ ತಾಮ್ರದ ಗಿಂಡಿಯನ್ನು ವ್ಯಾಪಾರಿ ಇಷ್ಟು ವರ್ಷ ಬೆಳಗಿ ಇಟ್ಟಿದ್ದ. ಅದನ್ನು ತಮ್ಮನ ಕೈಗೆ ಕೊಟ್ಟು, ಯಾರೂ ಹೇಳದಿದ್ದರೂ ತಾನೇ ಹೋಗಿ ಛತ್ರದ ಕೊನೆಯ ಕಂಬದ ಮರೆಯಲ್ಲಿ ನಿಂತ. ಹಲ್ಲು ಕಚ್ಚಿಕೊಂಡು ನಿಂತ.

ವಾಲಗ ಜೋರಾಯಿತು. ಸಭೆಯೆಲ್ಲ ಮಂಟಪದ ಕಡೆ ನೋಡುತ್ತಿತ್ತು. ಗಿಂಡಿ ಬಾಗಿತು, ನೀರು ಬಿತ್ತು. ಸರಿಯಾಗಿ ಆ ಗಳಿಗೆಯಲ್ಲಿ ಫೋಟೋದವನು ಮಂಟಪಕ್ಕೆ ಬೆನ್ನು ತಿರುಗಿಸಿಬಿಟ್ಟ.

ಭಾವಮೈದ ಹೌಹಾರಿದ. ಧಾರೆ ಬಿಟ್ಟು ಕಂಬದ ಫೋಟೋ ತೆಗೆಯುತ್ತಿದ್ದಾನಲ್ಲ ಎಂದು ಹತ್ತು ಜನರಿಗೆ ಕೇಳುವಂತೆ ಹಲ್ಲು ಕಡಿದ. ಕಂಬದ ಮರೆಯಿಂದ ವ್ಯಾಪಾರಿಯೂ ಅದನ್ನು ಕಂಡ. ಮಗಳು ಕೇಳಿದ್ದು ಒಂದೇ, ಅದನ್ನೂ ಕೊಡಲಾಗಲಿಲ್ಲ, ತಾಯಿಗಾದದ್ದೇ ಮಗಳಿಗೂ ಆಯಿತು ಎಂದು ಅವನು ಆ ದಿನ ಎಲೆಯ ಮುಂದೆ ಕೂತರೂ ಒಂದು ತುತ್ತು ಉಣ್ಣಲಿಲ್ಲ. ಮಗಳಿಗೆ ಏನೂ ಹೇಳದೆ ಕಳಿಸಿಕೊಟ್ಟ.

ಹದಿನೈದು ದಿನ ಕಳೆದು ಮಗಳು ಅಳಿಯ ಮನೆಗೆ ಬಂದರು. ಅದೇ ದಿನ ಫೋಟೋದವನು ಆಲ್ಬಂ ತಂದ. ಭಾವಮೈದ ನಾಲ್ಕು ಮಾತು ಕೇಳಿಯೇಬಿಡುತ್ತೇನೆಂದು ತೋಳು ಮಡಿಸಿಕೊಂಡು ಕೂತಿದ್ದ. ಇಂದುಮತಿ ಹಾಳೆ ತಿರುವುತ್ತ ಹೋಗಿ, ಒಂದು ಕಡೆ ನಿಂತಳು.

ಎಡಗಡೆಯ ಹಾಳೆಯಲ್ಲಿ ಅವಳೇ ಇದ್ದಳು. ಧಾರೆಯ ನೀರು ಬೀಳುವುದಕ್ಕೆ ಒಂದು ಕ್ಷಣ ಮುಂಚೆ ತೆಗೆದದ್ದು. ಸುತ್ತಲಿನವರೆಲ್ಲ ಕೈ ನೋಡುತ್ತಿದ್ದರು. ಅವಳೊಬ್ಬಳು ತಲೆ ಎತ್ತಿದ್ದಳು. ಬಾಸಿಂಗದ ಕೆಳಗೆ ಅವಳ ಮುಖ ಪೂರ್ತಿಯಾಗಿ ಕಾಣುತ್ತಿತ್ತು, ಕಣ್ಣು ದೂರದಲ್ಲಿ ಯಾರನ್ನೋ ಹುಡುಕುತ್ತಿತ್ತು.

ಬಲಗಡೆಯ ಹಾಳೆಯಲ್ಲಿ ಕಂಬವಿತ್ತು. ಕಂಬದ ಮರೆಯಲ್ಲಿ ತಂದೆ ಇದ್ದ. ಅವನ ಬಲಗೈ ಮುಂದಕ್ಕೆ ಚಾಚಿತ್ತು. ಕೈಯಲ್ಲಿ ಏನೂ ಇರಲಿಲ್ಲ. ಆದರೂ ಗಿಂಡಿ ಹಿಡಿದವನ ಹಾಗೆ ಬೆರಳು ಮಡಿಸಿ, ಮಣಿಕಟ್ಟನ್ನು ಮೆಲ್ಲಗೆ ಬಗ್ಗಿಸಿ, ಅವನು ಧಾರೆ ಎರೆಯುತ್ತಿದ್ದ.

ಹಾಗೆ ಕೈ ಬಗ್ಗಿಸಿದ್ದು ವ್ಯಾಪಾರಿಗೇ ಗೊತ್ತಿರಲಿಲ್ಲ. ಅವನು ಫೋಟೋವನ್ನೂ ತನ್ನ ಕೈಯನ್ನೂ ನೋಡಿಕೊಂಡ. ನಾನು ಬೇಡವೆಂದಿದ್ದೆನಲ್ಲ ಎಂದು ಕೇಳಿದ.

ಫೋಟೋದವನು ಹೇಳಿದ: "ಮದುಮಗಳು ಯಾರನ್ನೋ ಹುಡುಕುತ್ತಿದ್ದರು. ಅವರು ನೋಡಿದ ಕಡೆ ನಾನೂ ನೋಡಿದೆ."

ಭಾವಮೈದ ಎದ್ದುಹೋಗಿ ಫೋಟೋದವನಿಗೆ ತಾನೇ ಕಾಫಿ ತಂದುಕೊಟ್ಟ. ಇಂದುಮತಿ ಅತ್ತಳು, ಅಳುತ್ತಲೇ ನಕ್ಕಳು. ನನ್ನನ್ನು ಧಾರೆ ಎರೆದವರು ನೀವೇ ಅಪ್ಪಾ ಎಂದಳು.

ಮಗಳು ಗಂಡನ ಮನೆಗೆ ಹೊರಟುಹೋದ ಮೇಲೆ ವ್ಯಾಪಾರಿ ಒಬ್ಬನೇ ಕೂತು ಆಲ್ಬಂ ತೆರೆದ. ಎಡಗಡೆ ಮಗಳ ಮುಖ ಇತ್ತು. ಬಲಗಡೆಯ ಹಾಳೆಯಲ್ಲಿ ನಾಲ್ಕು ಮೂಲೆ ಮಾತ್ರ ಉಳಿದು, ಜಾಗ ಖಾಲಿಯಾಗಿತ್ತು. ಆ ಫೋಟೋವನ್ನು ಮಗಳು ಒಯ್ದಿದ್ದಳು. ಅವನಿಗೆ ತುಂಬ ಸಂತೋಷವಾಯಿತು.

ಗುರುಗಳು ಕತೆ ನಿಲ್ಲಿಸಿ ಕಾಳಿನ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು. ವಿರೂಪಾಕ್ಷನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಗುರುವಿನ ಸಭಾಂಗಣ ನೋಡಿ ಪ್ರಯೋಜನವಿಲ್ಲ, ಅವರಲ್ಲಿ ಕಲಿತವರ ಮನೆಗೆ ಹೋಗಿ ನೋಡಬೇಕು. ತಮ್ಮ ಶಿಷ್ಯರ ಮನೆ ಯಾವುದಾದರೂ ಒಂದು ಹೇಳಿ, ನಾಳೆಯೇ ಹೋಗಿ ಬರುತ್ತೇನೆ."

"ನಿಮ್ಮ ಮನೆಗೇ ಹೋಗಪ್ಪ, ಅಲ್ಲಿ ನಿನ್ನನ್ನು ತೆರೆದು ನೋಡಿ ಆರು ವರ್ಷವಾಯಿತು" ಎಂದರು ಗುರುಗಳು.

ವಿರೂಪಾಕ್ಷ ಕೈಯಲ್ಲಿದ್ದ ಕಾಳನ್ನು ಕೆಳಗಿಟ್ಟು, ತಾಯಿಯ ಕಾಗದ ತರಲು ಎದ್ದ.