ಗಾಳಿಗೆ ಎದುರಾದ ಹಡಗು

ಕಡಲಹದ್ದಿನ ಮರಿಗೆ ರೆಕ್ಕೆ ಬಲಿತಿತ್ತು. ಬೆಟ್ಟದಲ್ಲೇ ನೆಲೆಯೂರುವುದೋ, ಕಡಲಗಡಿ ಕಾಯುವ ಯುದ್ಧನೌಕೆಯ ಹಾರುಪಡೆಗೆ ಸೇರುವುದೋ ಎಂದು ಅದು ತೀರ್ಮಾನಿಸಬೇಕಿತ್ತು.

"ಇಲ್ಲೇ ಇರು ಮಗಳೇ. ಈ ಬೆಟ್ಟದ ಮೇಲೆ ಕಣ್ಣು ಮುಚ್ಚಿಕೊಂಡು ಇಳಿಯಬಹುದು. ಹಡಗು ನಿಂತಲ್ಲಿ ನಿಲ್ಲುವ ಜಾತಿಯಲ್ಲ," ಎಂದಿತು ಅಜ್ಜ ಹದ್ದು.

ಮರಿ ನೇರ ಹಡಗಿನ ಬಳಿಗೇ ಹಾರಿತು. "ಅಣ್ಣಾ, ನಾನು ಹಾರಿ ಮರಳುವಾಗ ನೀನು ಇದೇ ಜಾಗದಲ್ಲಿ ಇರುತ್ತೀಯಾ?"

"ಇರುವುದಿಲ್ಲ. ಹುಡುಕಿಕೊಂಡು ಬರಬೇಕು, ಓಲಾಡುವ ಬೆನ್ನಿನ ಮೇಲೇ ಇಳಿಯಬೇಕು. ಆದರೆ ನೀನು ಕಂಡೊಡನೆ, ನಾನು ಎತ್ತ ಹೊರಟಿದ್ದರೂ ಸರಿ, ನೀನು ಹಗುರವಾಗಿ ಇಳಿಯಲೆಂದು ಗಾಳಿಗೆ ಎದುರಾಗಿ ತಿರುಗುತ್ತೇನೆ. ಅದು ನಮ್ಮ ಕಟ್ಟಳೆ," ಎಂದಿತು ಹಡಗು.

ಹೇಳಿ ಹೋಗಲು ಮರಿ ಎದೆಯುಬ್ಬಿಸಿಕೊಂಡು ಬೆಟ್ಟಕ್ಕೆ ಬಂತು.

"ಅಜ್ಜಾ, ಇಷ್ಟು ವರ್ಷ ಇಳಿದಿದ್ದೀಯಲ್ಲ, ಈ ಬೆಟ್ಟ ಒಂದು ದಿನವಾದರೂ ನಿನಗಾಗಿ ತಿರುಗಿದೆಯೇ?"