ಗುರಿ ಆರು

ಸುಣ್ಣದ ಕೇರಿಯ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಹಳೇ ಬಾವಿಯ ಕೊಳಕು ನೀರೇ ಗತಿ. ಅದನ್ನು ಕುಡಿದು ವಾಂತಿಭೇದಿಯಾಗಿ ಹೋದ ತಿಂಗಳು ಇಬ್ಬರು ಸತ್ತರು. ಅವರಲ್ಲಿ ಒಬ್ಬಳು ಊರಿಗೆ ನೀರು ಬಿಡುವ ನೀರುಗಂಟಿಯ ಹೆಂಡತಿ.

ಅಷ್ಟರಲ್ಲಿ ನಗರಸಭೆಗೆ ಪ್ರಶಸ್ತಿ ಕೊಡಲು ದೆಹಲಿಯಿಂದ ಜನ ಬರುವುದಾಯಿತು. ಪ್ರಪಂಚಕ್ಕೆಲ್ಲ ವಿಶ್ವಸಂಸ್ಥೆ ಇಟ್ಟ ಹದಿನೇಳು ಗುರಿಗಳಂತೆ, ಆರನೆಯದು ನೀರಂತೆ. ಕಮಿಷನರ್ ಸಾಹೇಬರು ಕೇರಿಯ ಬಾಯಲ್ಲಿ ದೊಡ್ಡ ಬೋರ್ಡು ನಿಲ್ಲಿಸಿದರು: 'ಗುರಿ ಆರು, ಎಲ್ಲರಿಗೂ ಶುದ್ಧ ನೀರು.' ನೀರುಗಂಟಿಯನ್ನು ಕರೆದು, "ಅವರು ಬಂದಾಗ ನೀರು ಬಿಡು. ಕಾರು ಹೋದ ತಕ್ಷಣ ನಿಲ್ಲಿಸು. ಆ ನೀರು ದೊಡ್ಡಮನುಷ್ಯರ ಬಡಾವಣೆಯೋರದು," ಎಂದರು.

ಅವನು ಹಾಗೇ ಮಾಡಿದ. ದೆಹಲಿಯವರು ಫೋಟೊ ಹಿಡಿದು, ಪ್ರಶಸ್ತಿ ಕೊಟ್ಟು ಹೋದರು.

ಸಂಜೆ ನೀರುಗಂಟಿ ಕೇರಿಯ ಓದು ಬಾರದ ಹೆಂಗಸರಿಗೆ ಬೋರ್ಡು ತೋರಿಸಿದ. "ನೋಡ್ರವ್ವ, ದಿನಾ ಬೆಳಿಗ್ಗೆ ಆರಕ್ಕೆ ನೀರು ಅಂತ ಬರೆಸವ್ರೆ."

ಮಾರನೆಯ ಬೆಳಿಗ್ಗೆ ಆರಕ್ಕೆ ನಲ್ಲಿ ಸುರಿಯಿತು. ಕೇರಿಯ ತುಂಬ ಕೊಡಗಳು. ಸಾಹೇಬರು ಜೀಪಿನಲ್ಲಿ ಧಾವಿಸಿ ಬಂದರು.

"ಯಾವನಯ್ಯ ನೀರು ಬಿಡು ಅಂದೋನು?"

"ನೀವೇ ಬರೆಸಿದೀರಲ್ಲ ಸಾಮಿ. ಆರು, ಎಲ್ಲರಿಗೂ ನೀರು."

"ಲೇ, ಅದು ಗಂಟೆ ಅಲ್ಲ ಕಣೋ, ಗುರಿ!"

"ಇವರು ಗಂಟೆ ಅಂದ್ಕೊಂಡವ್ರೆ. ಅದು ಬರೀ ಗುರಿ, ನೀರಲ್ಲ ಅಂತ ನೀವೇ ಒಂದ್ಮಾತು ಹೇಳ್ಬಿಡಿ. ಇಲ್ಲಾಂದ್ರೆ ಬೋರ್ಡು ಕೀಳಿಸಿ."

ಸಾಹೇಬರು ಹೆಂಗಸರ ಮುಖ ನೋಡಿದರು. ಬೋರ್ಡು ನೋಡಿದರು. ಪ್ರಶಸ್ತಿಯ ಫೋಟೊದಲ್ಲಿ ಅವರು ನಿಂತಿದ್ದದ್ದು ಅದರ ಕೆಳಗೇ. ಕೀಳಿಸುವಂತಿಲ್ಲ.

"ಆರೇ ಇರಲಿ," ಎಂದು ಗೊಣಗಿದರು. ಜೀಪು ಹತ್ತುತ್ತಾ ಕೇಳಿದರು, "ಇದರಿಂದ ನಿನಗೇನು ಬಂತಯ್ಯ?"

"ನನಗೇನೂ ಇಲ್ಲ ಸಾಮಿ. ನನಗೆ ಒಂದು ತಿಂಗಳು ತಡ ಆಯ್ತು."