ಕಳೆಯ ಪಟ್ಟಿಗೆ ಸಹಿ

ಶಶಿರೇಖಾ ವಿಶ್ವವಿದ್ಯಾಲಯದಲ್ಲಿ ಸಸ್ಯ ಪರಿಸರದ ಮೇಲೆ ಸಂಶೋಧನೆ ಮಾಡುತ್ತ, ಬಿ.ಎಸ್ಸಿ. ಮಕ್ಕಳಿಗೆ ಪ್ರಾಕ್ಟಿಕಲ್ ಪಾಠವನ್ನೂ ಹೇಳುತ್ತಿದ್ದಳು. ಗ್ರಂಥಾಲಯದ ಹಿಂದಿನ ಖಾಲಿ ಜಾಗವೇ ಅವರ ಪ್ರಯೋಗಶಾಲೆ. ಅಲ್ಲಿ ಹಗ್ಗ ಕಟ್ಟಿ ಚೌಕ ಮಾಡಿ, ಒಳಗೆ ತಾವಾಗಿಯೇ ಹುಟ್ಟಿದ ಗಿಡಗಳನ್ನು ವಾರವಾರವೂ ಎಣಿಸಿ ಬರೆದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಕುಲಸಚಿವ ಷಡಕ್ಷರಪ್ಪನವರು ಅಲ್ಲಿಗೇ ಬಂದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಆಜ್ಞೆ.

"ನಾಳೆ ಮಂತ್ರಿಗಳು ಬರ್ತಾರೆ. ಈ ಕಳೆಯೆಲ್ಲ ಇವತ್ತೇ ಕಿತ್ತು ಹಾಕ್ಸಮ್ಮ."

ಕಿತ್ತರೆ ಮಕ್ಕಳ ಆರು ತಿಂಗಳ ಕೆಲಸ ಮಣ್ಣುಪಾಲು. ಆದರೂ ಶಶಿರೇಖಾ ತಲೆಯಾಡಿಸಿ, ಗಿಡಗಳ ಪಟ್ಟಿಯನ್ನು ಅವರ ಮುಂದೆ ಹಿಡಿದಳು.

"ಆಗಲಿ ಸರ್. ಯಾವ್ಯಾವುದನ್ನ ಕೀಳಬೇಕೋ ಅದರ ಮುಂದೆ ಒಂದು ಸಹಿ ಹಾಕಿಬಿಡಿ. ಮೊದಲನೇದು ಗರಿಕೆ."

ಪೆನ್ನು ತೆಗೆದ ಕೈ ನಿಂತಿತು. "ಅದು ಗಣಪತಿಗೆ ಏರಿಸೋದಲ್ವೇನಮ್ಮ?"

"ಹೌದು ಸರ್. ಎರಡನೇದು ವಿಷ್ಣುಕ್ರಾಂತಿ. ಮೂರನೇದು ತಾವು ತುಳ್ಕೊಂಡು ನಿಂತಿದ್ದೀರಲ್ಲ, ಆ ತುಂಬೆ."

ಶಿವನಿಗೆ ಪ್ರಿಯವಾದ ತುಂಬೆ! ಷಡಕ್ಷರಪ್ಪನವರು ಹೌಹಾರಿ ಹಿಂದಕ್ಕೆ ಜಿಗಿದರು. ಬೂಟು ಬಿಚ್ಚಿದರು. ಗಿಡಕ್ಕೆ ಕೈಮುಗಿದರು. ಮಕ್ಕಳು ನಗು ತಡೆಯಲಾರದೆ ನೋಟ್‌ಬುಕ್ಕಿನಿಂದ ಮುಖ ಮುಚ್ಚಿಕೊಂಡರು.

ಆದರೂ ಇಷ್ಟಕ್ಕೇ ಸೋಲೊಪ್ಪಲು ಕುಲಸಚಿವರಿಗೆ ಮನಸ್ಸಿಲ್ಲ. ಮೂಲೆಯ ಒಂದು ಮುಳ್ಳುಗಿಡ ತೋರಿಸಿ, "ಇದು ಯಾವ ದೇವರಿಗಮ್ಮ?" ಎಂದರು.

"ಅದಕ್ಕಿನ್ನೂ ದೇವರು ಸಿಕ್ಕಿಲ್ಲ ಸರ್," ಎಂದಳು ಶಶಿರೇಖಾ. "ಅದಕ್ಕೇ ಸಂಶೋಧನೆ ನಡೀತಿದೆ."

ಷಡಕ್ಷರಪ್ಪನವರು ಗಂಭೀರವಾಗಿ ತಲೆದೂಗಿದರು. ಸಹಿಯಿಲ್ಲದ ಪಟ್ಟಿಯನ್ನು ಹಿಂದಿರುಗಿಸಿ, ಬೂಟು ಕೈಯಲ್ಲೇ ಹಿಡಿದು ಹೊರಟರು.

"ಬೇಗ ಸಿಗಲಿ ಕಣಮ್ಮ," ಎಂದರು. "ಅಲ್ಲೀವರೆಗೂ ಅದನ್ನ ಯಾರೂ ಮುಟ್ಟೋದು ಬೇಡ."